ಎಂಎಸ್ಸಿ ಗಣಿತದ ಟ್ಯುಟೋರಿಯಲ್‌ಗೆ ನಿಯಮ ಬರೆದಿದ್ದೇನೆ, ಜಾಸ್ತಿ ಆಯ್ತಾ ನೋಡಿ ಹೇಳಿ

ಬಿಸಿಲೂರ ಸಂಶೋಧಕ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಗಣಿತದ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಮೂರನೇ ವರ್ಷ. ಎಂಎಸ್ಸಿ ಮೊದಲ ಸೆಮಿಸ್ಟರ್‌ನವರಿಗೆ ರಿಯಲ್ ಅನಾಲಿಸಿಸ್ ಟ್ಯುಟೋರಿಯಲ್ ತೆಗೆದುಕೊಳ್ಳುವ ಕೆಲಸ ನನಗೆ ಬಂದಿದೆ. ಪಾಠ ಮಾಡುವವರು ಮೇಡಂ. ವಾರಕ್ಕೊಂದು ತಾಸು ಲೆಕ್ಕ ಮಾಡಿಸುವುದು, ಅಸೈನ್‌ಮೆಂಟ್ ತಿದ್ದುವುದು, ಡೌಟ್ ಕೇಳಲು ಬಂದವರಿಗೆ ಹೇಳಿಕೊಡುವುದು ನಾನು. ಕ್ಲಾಸಿನಲ್ಲಿ 38 ಮಂದಿ.

ಹೋದ ವರ್ಷ ಯಾವ ನಿಯಮವನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ದೊಡ್ಡವರು, ಅವರಿಗೇ ಗೊತ್ತಿರುತ್ತೆ ಅಂದುಕೊಂಡಿದ್ದೆ. ಮೂರನೇ ಅಸೈನ್‌ಮೆಂಟ್‌ನಲ್ಲಿ ಏಟು ಬಿತ್ತು. 1/ಎನ್ ಸೀಕ್ವೆನ್ಸ್ ಸೊನ್ನೆಗೆ ಹೋಗುತ್ತದೆ ಎಂದು ತೋರಿಸುವ ಲೆಕ್ಕ, ಮೊದಲ ವಾರದ ಪಾಠದ್ದು. ಎಪ್ಸಿಲಾನ್ ಅಂದರೆ ಸೊನ್ನೆಗಿಂತ ದೊಡ್ಡ, ಎಷ್ಟು ಬೇಕಾದರೂ ಚಿಕ್ಕದಿರಬಹುದಾದ ಸಂಖ್ಯೆ; ದೊಡ್ಡ ಎನ್ ದಾಟಿದ ಮೇಲೆ ಸೀಕ್ವೆನ್ಸಿನ ಪದಗಳೆಲ್ಲ ಅದಕ್ಕಿಂತ ಚಿಕ್ಕವಿರಬೇಕು. ಅದಕ್ಕೆ ದೊಡ್ಡ ಎನ್ ಅನ್ನು 1/ಎಪ್ಸಿಲಾನ್‌ಗಿಂತ ಜಾಸ್ತಿ ಇರುವಂತೆ ಆರಿಸಬೇಕು. 11 ಹಾಳೆಗಳಲ್ಲಿ ಕಡಿಮೆ ಇರುವಂತೆ ಆರಿಸಿದ್ದರು. ತಪ್ಪು ಚಿಹ್ನೆಯೂ ಒಂದೇ, ಅಡಿಗೆರೆ ಎಳೆದ ಜಾಗವೂ ಒಂದೇ. ಸಿಟ್ಟಿನಲ್ಲಿ 11 ಜನಕ್ಕೂ ಸೊನ್ನೆ ಹಾಕಿದೆ. ಆಮೇಲೆ ತಿಳಿಯಿತು, ಒಬ್ಬಳು ರಾತ್ರಿ ಕೂತು ಸ್ವಂತ ಬರೆದಿದ್ದಳು. ಉಳಿದ 10 ಮಂದಿ ಹಾಸ್ಟೆಲ್ ಗ್ರೂಪಿಗೆ ಬಂದ ಫೋಟೋ ನೋಡಿ ಇಳಿಸಿದ್ದರು. ಆಕೆ ಮತ್ತೆ ಟ್ಯುಟೋರಿಯಲ್ ಕಡೆ ಸುಳಿಯಲಿಲ್ಲ.

ಅದಕ್ಕೆ ಈ ಸಲ ಮೊದಲ ದಿನವೇ ಒಂದು ಹಾಳೆ ಹಂಚುತ್ತೇನೆ. ಹೀಗಿದೆ:

1. ಅಸೈನ್‌ಮೆಂಟ್ ಮಂಗಳವಾರ ಬೆಳಿಗ್ಗೆ 10ಕ್ಕೆ ಟ್ಯುಟೋರಿಯಲ್ ಶುರುವಾಗುವ ಮೊದಲು ನನ್ನ ಟೇಬಲ್ ಮೇಲಿರಬೇಕು. ಒಂದು ದಿನ ತಡವಾದರೆ ಅರ್ಧ ಅಂಕ. ಆಮೇಲೆ ತೆಗೆದುಕೊಳ್ಳುವುದಿಲ್ಲ.
2. ಯಾರ ಜೊತೆ ಬೇಕಾದರೂ ಚರ್ಚೆ ಮಾಡಿ. ಬರೆಯುವಾಗ ಒಬ್ಬರೇ ಕೂತು ಬರೆಯಿರಿ. ಯಾರ ಜೊತೆ ಮಾತಾಡಿದಿರೋ ಅವರ ಹೆಸರು ಹಾಳೆಯ ಮೇಲೆ ಹಾಕಿ. ಹೆಸರು ಹಾಕಿದ್ದಕ್ಕೆ ಅಂಕ ಹೋಗುವುದಿಲ್ಲ.
3. ಪೂರ್ತಿ ವಾಕ್ಯಗಳಲ್ಲಿ, ಇಂಗ್ಲಿಷ್‌ನಲ್ಲಿ ಬರೆಯಿರಿ. ಬರೀ ಬಾಣ ಗುರುತು, ಮೂರು ಚುಕ್ಕಿ ಇಟ್ಟರೆ ಓದುವುದಿಲ್ಲ.
4. ಕ್ಲಾಸಿನಲ್ಲಿ ಅಲ್ಲಿಯವರೆಗೆ ಆದ ಪ್ರಮೇಯಗಳನ್ನಷ್ಟೇ ಬಳಸಿ.
5. ಡೌಟ್ ಕೇಳಲು ಬರುವವರು ತಾವು ಮಾಡಿದಷ್ಟನ್ನು ಬರೆದುಕೊಂಡು ಬರಬೇಕು. ಖಾಲಿ ಹಾಳೆ ಹಿಡಿದು ಬರಬೇಡಿ.
6. ಅಂಕ ಕಡಿಮೆ ಬಂತು ಅನ್ನಿಸಿದರೆ ಒಂದು ವಾರದೊಳಗೆ, ಯಾಕೆ ಅಂತ ಅದೇ ಹಾಳೆಯ ಮೇಲೆ ಬರೆದು ಕೊಡಿ. ಇಡೀ ಉತ್ತರ ಮತ್ತೆ ನೋಡುತ್ತೇನೆ. ಕಡಿಮೆಯೂ ಆಗಬಹುದು.
7. ರಾತ್ರಿ 9ರ ನಂತರ ವಾಟ್ಸಾಪ್ ಡೌಟ್ ಬೇಡ. ನನಗೂ ಥೀಸಿಸ್ ಇದೆ.

ಹೇಗನ್ನಿಸುತ್ತೆ? ಬೈದರೂ ಪರವಾಗಿಲ್ಲ.

ತೊಗರಿ ಕಣಜ

ಏಳನೇದು ಚಲೋ ಐತಿ, ಅದನ್ನು ಮೊದಲು ಹಾಕಿ. ಉಳಿದದ್ದು ಜೈಲಿನ ಬೋರ್ಡ್ ಓದಿದಂಗೆ ಆಯ್ತು. ತಮಾಷೆಗೆ ಹೇಳಿದೆ, ತಪ್ಪು ತಿಳೀಬ್ಯಾಡ್ರಿ. ಎರಡನೇ ನಿಯಮ ನನಗೆ ಬಹಳ ಹಿಡಿಸಿತು. ನಮ್ಮ ಕಾಲದಲ್ಲಿ "ಯಾರ ಹತ್ತಿರ ಕೇಳಿದೆ" ಅಂತ ಹೇಳಿಕೊಳ್ಳುವುದೇ ಕಳ್ಳತನ ಒಪ್ಪಿಕೊಂಡ ಹಾಗಿತ್ತು.

ಪಾರ್ಟ್ ಸಿ

ಮೂರನೇ ನಿಯಮ ಯಾಕೆ ಬೇಕು ನನಗಂತೂ ಗೊತ್ತಾಗಲಿಲ್ಲ. ಎಲ್ಲರ ಕಣ್ಣೂ ಸಿಎಸ್‌ಐಆರ್ ನೆಟ್ (ಸಂಶೋಧನಾ ಫೆಲೋಶಿಪ್, ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆ) ಮೇಲೆ. ಅಲ್ಲಿ ಒಂದು ವಾಕ್ಯ ಬರೆಯುವುದೂ ಇಲ್ಲ, ಪೂರ್ತಿ ಆಯ್ಕೆ ಪ್ರಶ್ನೆಗಳು. ಪೂರ್ತಿ ವಾಕ್ಯ ಬರೆಸುತ್ತಾ ಕೂತರೆ ಹುಡುಗರ ಸಮಯ ಹಾಳು. ವಾರಕ್ಕೆ 30 ಆಬ್ಜೆಕ್ಟಿವ್ ಪ್ರಶ್ನೆ ಕೊಡಿ, ಬೇಕಾದಷ್ಟಾಯ್ತು.

ಬೀದರ್ ಮೇಷ್ಟ್ರು

@ಪಾರ್ಟ್ ಸಿ, ನಿಮ್ಮ ಹೆಸರಲ್ಲೇ ಉತ್ತರ ಇದೆಯಲ್ಲ ತಮ್ಮಾ. ಗಣಿತದ ಪೇಪರ್‌ನಲ್ಲಿ ಪಾರ್ಟ್ ಸಿ ಅಂದರೆ 60 ಪ್ರಶ್ನೆಯಲ್ಲಿ 20 ಮಾಡಬೇಕು, ಒಂದೊಂದಕ್ಕೆ 4.75 ಅಂಕ. ಒಟ್ಟು 200ರಲ್ಲಿ 95 ಅಲ್ಲೇ ಇದೆ. ನೆಗೆಟಿವ್ ಇಲ್ಲ, ಸರಿ. ಆದರೆ ಒಂದಕ್ಕಿಂತ ಜಾಸ್ತಿ ಆಯ್ಕೆ ಸರಿ ಇರಬಹುದು, ಸರಿ ಇದ್ದದ್ದನ್ನೆಲ್ಲ ಗುರುತಿಸಿದರೆ ಮಾತ್ರ ಅಂಕ. ಮೂರು ಸರಿಯಲ್ಲಿ ಎರಡು ಹಿಡಿದವನಿಗೂ ಏನೂ ಹಿಡಿಯದವನಿಗೂ ಒಂದೇ ಸೊನ್ನೆ. ನಾಲ್ಕೂ ಆಯ್ಕೆಗೆ ಮನಸ್ಸಿನಲ್ಲೇ ಒಂದು ಸಾಧನೆ (ಪ್ರೂಫ್) ಇಲ್ಲವೇ ಒಂದು ಪ್ರತ್ಯುದಾಹರಣೆ (ತಪ್ಪೆಂದು ತೋರಿಸುವ ಉದಾಹರಣೆ) ಕಟ್ಟಬೇಕು. ಅದನ್ನು ಕಾಗದದ ಮೇಲೆ ಕಟ್ಟಿ ರೂಢಿ ಇಲ್ಲದವನು ಮೂರು ತಾಸಿನಲ್ಲಿ ಮನಸ್ಸಿನಲ್ಲಿ ಹೇಗೆ ಕಟ್ಟುತ್ತಾನೆ?

ನಾನು 22 ವರ್ಷದಿಂದ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ನನಗೆ ತಕರಾರು ಇರುವುದು ಐದನೇ ನಿಯಮದ ಮೇಲೆ. ಖಾಲಿ ಹಾಳೆ ಹಿಡಿದು ಬಂದವನೇ ನಿಜವಾದ ಗಿರಾಕಿ. ಅರ್ಧ ಮಾಡಿದವನು ಗೆಳೆಯನ ಹತ್ತಿರ ಕೇಳಿಕೊಂಡು ಮುಂದೆ ಹೋಗುತ್ತಾನೆ. ಎಲ್ಲಿಂದ ಶುರು ಮಾಡಬೇಕು ಗೊತ್ತಿಲ್ಲದವನು ನಿಮ್ಮ ಬಾಗಿಲಿಗೆ ಬರಬೇಕು, ನೀವು ಬಾಗಿಲಿಗೇ ಬೋರ್ಡ್ ಹಾಕಿದ್ದೀರಿ. ಹೋದ ವರ್ಷದ ಆ ಹುಡುಗಿ ಬರದೇ ಇದ್ದದ್ದಕ್ಕೆ ನಿಮಗೆ ಬೇಜಾರಿದೆ ಅನ್ನಿಸಿತು. ಈ ನಿಯಮದಿಂದ ಇನ್ನೂ ಹತ್ತು ಜನ ಬರುವುದಿಲ್ಲ.

ಬಿಸಿಲೂರ ಸಂಶೋಧಕ

ಸರ್, ಚುಚ್ಚಿತು. ಆದರೆ ಒಂದು ಮಾತು. ಹೋದ ವರ್ಷ ಸೋಮವಾರ ಸಂಜೆ ಐದಾರು ಜನ ಒಟ್ಟಿಗೆ ಬರುತ್ತಿದ್ದರು. ಪ್ರಶ್ನೆಯನ್ನೂ ಓದಿರುತ್ತಿರಲಿಲ್ಲ. "ಸರ್, ಎರಡನೇದು ಮಾಡಿ ತೋರಿಸಿ." ನಾನು ಬೋರ್ಡ್ ಮೇಲೆ ಮಾಡುವುದು, ಅವರು ಫೋಟೋ ಹೊಡೆಯುವುದು. ಅದನ್ನು ನಿಲ್ಲಿಸಲು ಬರೆದ ನಿಯಮ ಅದು.

ಬೀದರ್ ಮೇಷ್ಟ್ರು

ಹಾಗಿದ್ದರೆ ಅದನ್ನೇ ಬರೆಯಿರಿ: ಬೋರ್ಡಿನ ಫೋಟೋ ಹೊಡೆಯಬೇಡಿ. ಖಾಲಿ ಹಾಳೆಯವನಿಗೆ ಒಂದು ಸಣ್ಣ ಕೆಲಸ ಕೊಡಿ. ಪ್ರಶ್ನೆಯಲ್ಲಿ ಬಂದ ಪ್ರತಿ ಪದದ ವ್ಯಾಖ್ಯೆಯನ್ನು ಪುಸ್ತಕ ನೋಡಿಯಾದರೂ ಬರೆದುಕೊಂಡು ಬಾ, ಒಂದು ಉದಾಹರಣೆ ತಾ. ಅಷ್ಟು ಯಾರಿಗಾದರೂ ಆಗುತ್ತೆ. ಅರ್ಧ ಜನರಿಗೆ ವ್ಯಾಖ್ಯೆ ಬರೆಯುವಾಗಲೇ ಲೆಕ್ಕ ಬಿಡಿಸಿಕೊಳ್ಳುತ್ತೆ, ನಿಮ್ಮ ಹತ್ತಿರ ಬರುವುದೇ ಇಲ್ಲ. ನಿಮ್ಮ ಥೀಸಿಸ್‌ಗೂ ಒಳ್ಳೆಯದು.

ಯಾದಗಿರಿ ಪ್ಯಾಸೆಂಜರ್

ನಾನು ಎಂಎಸ್ಸಿ ಮೊದಲ ಸೆಮ್. ಯಾವ ವಿಶ್ವವಿದ್ಯಾಲಯ ಅಂತ ಹೇಳಲ್ಲ, ನಿಮ್ಮ ಕ್ಲಾಸಿನಲ್ಲೇ ಇದ್ದರೂ ಇರಬಹುದು ಸರ್. 😅

ಮೊದಲನೇ ನಿಯಮದ ಬಗ್ಗೆ. ನಾನು ದಿನಾ ಯಾದಗಿರಿಯಿಂದ ರೈಲಿನಲ್ಲಿ ಬರುತ್ತೇನೆ. ವಾಡಿ ಜಂಕ್ಷನ್‌ನಲ್ಲಿ ಗಾಡಿ ನಿಂತಿತು ಅಂದರೆ ಎಷ್ಟೊತ್ತಿಗೆ ಬಿಡುತ್ತೆ ಅಂತ ಡ್ರೈವರ್‌ಗೂ ಗೊತ್ತಿರಲ್ಲ. ಸ್ಟೇಷನ್‌ನಲ್ಲಿ ಇಳಿದ ಮೇಲೆ ಮತ್ತೆ ಬಸ್. 10ಕ್ಕೆ ಟೇಬಲ್ ಮೇಲೆ ಹಾಳೆ ಅಂದರೆ ನನ್ನಂಥವರು ತಿಂಗಳಿಗೆ ಎರಡು ಸಲ ಅರ್ಧ ಅಂಕ ಕಳೆದುಕೊಳ್ಳುತ್ತೇವೆ. ಹಾಸ್ಟೆಲ್‌ನವರು 9.55ಕ್ಕೆ ಎದ್ದು ಬಂದರೂ ಪೂರ್ತಿ ಅಂಕ. ಹಿಂದಿನ ರಾತ್ರಿಯೇ ಮುಗಿಸಿರುತ್ತೇನೆ ಸರ್, ಸುಮ್ನೆ ಹೇಳ್ತಿಲ್ಲ.

ಶಹಾಬಾದಿ ಕಲ್ಲು

ಇದು ನಿಜ. ನಾನು ಆಳಂದ ಕಡೆಯಿಂದ ಬಸ್ಸಿಗೆ ಹೋಗಿ ಓದಿದವಳು. ಈಗ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ಅದು ದೊಡ್ಡ ವಿಷಯ. ಆದರೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎರಡನೇ ಬಸ್ಸಿಗೆ ಕಾಯಬೇಕು. ಬರೆದು ಮುಗಿಸಿದ ಹೊತ್ತು ಬೇರೆ, ಹಾಳೆ ಬಂದು ಮುಟ್ಟಿದ ಹೊತ್ತು ಬೇರೆ. ನೀವು ಅಳೆಯಬೇಕಾದ್ದು ಮೊದಲನೇದನ್ನು.

ಬಿಸಿಲೂರ ಸಂಶೋಧಕ

ಸರಿ, ಇದು ಸುಲಭ. ಬೆಳಿಗ್ಗೆ 8ರೊಳಗೆ ಹಾಳೆಗಳ ಫೋಟೋ ತೆಗೆದು ಮೇಲ್ ಮಾಡಿ, ಮೂಲ ಹಾಳೆ ಆ ದಿನ ಯಾವಾಗ ಬೇಕಾದರೂ ಕೊಡಿ. ಹಾಸ್ಟೆಲ್‌ನವರಿಗೂ ಇದೇ ಹೊತ್ತು. ಇದು ನನಗೆ ಹೊಳೆದಿರಲಿಲ್ಲ. ನಾನೂ ಹಾಸ್ಟೆಲ್ ಗಿರಾಕಿಯೇ ಅಲ್ವಾ.

ತೊಗರಿ ಕಣಜ

ನಾಲ್ಕನೇ ನಿಯಮದ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಇವತ್ತಿನ ಕಾಲಕ್ಕೆ ಎಲ್ಲಕ್ಕಿಂತ ಮುಖ್ಯ. ನನ್ನ ತಮ್ಮನ ಮಗ ಬಿಎಸ್ಸಿ. ಲೆಕ್ಕವನ್ನು ಎಐಗೆ ಹಾಕುತ್ತಾನೆ, ಅದು ಬರೆದದ್ದನ್ನು ಇಳಿಸುತ್ತಾನೆ. ಮುಚ್ಚಿದ ಅಂತರದ (ಎರಡೂ ತುದಿ ಸೇರಿದ ಇಂಟರ್ವಲ್) ಮೇಲೆ ಸತತವಾದ (ಎಲ್ಲೂ ಕಡಿಯದ, ಕಂಟಿನ್ಯೂಅಸ್) ಫಂಕ್ಷನ್‌ಗೆ ಮಿತಿ ಇರುತ್ತದೆ ಅಂತ ತೋರಿಸಬೇಕಿತ್ತು. ಅವನ ಹಾಳೆಯಲ್ಲಿ "ಕಾಂಪ್ಯಾಕ್ಟ್ ಸೆಟ್‌ನ ಸತತ ಬಿಂಬ ಕಾಂಪ್ಯಾಕ್ಟ್" ಅಂತ ಒಂದೇ ಸಾಲು. ಕಾಂಪ್ಯಾಕ್ಟ್ ಅಂದರೇನು ಅಂತ ಕೇಳಿದೆ. "ಚಿಕ್ಕದು" ಅಂದ.

ಬಿಸಿಲೂರ ಸಂಶೋಧಕ

ಹ್ಹಹ್ಹ. ಅದಕ್ಕೇ ಆ ನಿಯಮ. ಎಐ ಬಳಸಬೇಡಿ ಅಂತ ಬರೆದರೆ ಯಾರು ಕೇಳುತ್ತಾರೆ, ಹಿಡಿಯಲೂ ಆಗಲ್ಲ. ಅನುಮಾನ ಬಂದರೆ ಕರೆದು, ಹಾಳೆ ಮುಚ್ಚಿ, ಬೋರ್ಡ್ ಮೇಲೆ ಬರೆಯಲು ಹೇಳುತ್ತೇನೆ. ಇದನ್ನೂ ಹಾಳೆಯಲ್ಲಿ ಸೇರಿಸಬೇಕು, ಇಲ್ಲದಿದ್ದರೆ ಶಿಕ್ಷೆ ಅಂದುಕೊಳ್ಳುತ್ತಾರೆ.

ಶಹಾಬಾದಿ ಕಲ್ಲು

ನಾನು ಬಂದದ್ದು ಮೂರನೇ ನಿಯಮದ ಬಗ್ಗೆ ಹೇಳಲು. ಪೂರ್ತಿ ವಾಕ್ಯ ಬೇಕು, ಒಪ್ಪಿದೆ. ಇಂಗ್ಲಿಷ್‌ನಲ್ಲೇ ಯಾಕೆ?

ನಾನು ಹತ್ತನೇ ತನಕ ಕನ್ನಡ ಮಾಧ್ಯಮ. ಎಂಎಸ್ಸಿಗೆ ಬಂದಾಗ ಸಾಧನೆ ತಲೆಯಲ್ಲಿ ಇರುತ್ತಿತ್ತು, ಇಂಗ್ಲಿಷ್ ವಾಕ್ಯ ಬರುತ್ತಿರಲಿಲ್ಲ. ಆಗ ಏನು ಮಾಡುತ್ತಿದ್ದೆ ಗೊತ್ತಾ? ಪುಸ್ತಕದ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೆ. "ಲೆಟ್ ಎಪ್ಸಿಲಾನ್ ಗ್ರೇಟರ್ ದ್ಯಾನ್ ಝೀರೋ ಬಿ ಗಿವನ್." ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ, ಎರಡು ವರ್ಷ ಕೇಳಿಕೊಳ್ಳಲಿಲ್ಲ. ಮಂತ್ರದ ಹಾಗೆ ಬರೆದೆ, ಅಂಕ ಬಂತು. ಪೂರ್ತಿ ವಾಕ್ಯ ಬರೆಸಿದರೆ ಅರ್ಥ ಆಗಿದೆ ಅಂತ ನೀವು ನಂಬಿದ್ದೀರಿ. ಬೇರೆಯವರ ಪೂರ್ತಿ ವಾಕ್ಯವನ್ನೂ ಬರೆಯಬಹುದು.

ಯೂನಿಫಾರ್ಮ್ ಕಂಟಿನ್ಯೂಟಿ ಬಂದಾಗ ಪೂರ್ತಿ ಮುಳುಗಿದೆ. ಬರೀ ಸತತ, ಯೂನಿಫಾರ್ಮ್ ಆಗಿ ಸತತ, ಎರಡೂ ವ್ಯಾಖ್ಯೆಯಲ್ಲಿ ಅವೇ ಪದಗಳು, "ಫಾರ್ ಎವ್ರಿ", "ದೇರ್ ಎಕ್ಸಿಸ್ಟ್ಸ್", ಜಾಗ ಮಾತ್ರ ಅದಲುಬದಲು. ಏನು ವ್ಯತ್ಯಾಸ ಅಂತ ತಿಳಿದದ್ದು ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುವಾಗ. ಅವ್ವ ಯಾರದೋ ಮದುವೆ ಸುದ್ದಿ ಹೇಳುತ್ತಾ "ಮನೆಗೊಬ್ಬರು ಬಂದಿದ್ದರು" ಅಂದಳು. ತಲೆಗೆ ಹೊಡೆದಂತಾಯ್ತು. ಮನೆಗೊಬ್ಬರು ಅಂದರೆ ಮನೆ ಬದಲಾದರೆ ಆಳೂ ಬದಲು. ಎಲ್ಲ ಮನೆಗೂ ಒಬ್ಬರೇ ಅಂದರೆ ಬೇರೆ ಮಾತು. ಇಲ್ಲಿ ಮನೆ ಅಂದರೆ ಬಿಂದು, ಆಳು ಅಂದರೆ ಡೆಲ್ಟಾ: ಫಂಕ್ಷನ್ ಬೆಲೆ ಎಪ್ಸಿಲಾನ್‌ಗಿಂತ ಕಡಿಮೆ ಬದಲಾಗಬೇಕಾದರೆ ಬಿಂದುವಿನಿಂದ ಎಷ್ಟು ಜರುಗಬಹುದು ಅನ್ನುವ ಅಳತೆ.

ಬರೀ ಸತತ ಅಂದರೆ ಬಿಂದುವಿಗೊಂದು ಡೆಲ್ಟಾ. ಯೂನಿಫಾರ್ಮ್ ಅಂದರೆ ಎಲ್ಲ ಬಿಂದುವಿಗೂ ಒಂದೇ ಡೆಲ್ಟಾ.

ಅಷ್ಟೇ. ಎರಡು ಸಾಲು. ಆ "-ಗೊಂದು" ಯಾವುದು ಯಾವುದನ್ನು ನಂಬಿಕೊಂಡಿದೆ ಅಂತ ತಾನೇ ಹೇಳಿಬಿಡುತ್ತೆ.

ತೊಗರಿ ಕಣಜ

ಊರಿಗೊಬ್ಬ ಗೌಡ, ಎಲ್ಲ ಊರಿಗೂ ಒಬ್ಬನೇ ಗೌಡ. ಮೊದಲನೇದು ನಡೆಯುತ್ತೆ, ಎರಡನೇದಕ್ಕೆ ಜಗಳ ಆಗುತ್ತೆ. ಅಕ್ಕಾ, 15 ವರ್ಷದ ಹಿಂದೆ ನೀವು ಎಲ್ಲಿದ್ದಿರಿ!

ಬಿಸಿಲೂರ ಸಂಶೋಧಕ

ಈಗಷ್ಟೇ ಕಾಗದದ ಮೇಲೆ ಹಾಕಿ ನೋಡಿದೆ. ಎಕ್ಸ್ ವರ್ಗ ತೆಗೆದುಕೊಳ್ಳಿ, ಇಡೀ ನೈಜ ರೇಖೆಯ ಮೇಲೆ. 1ರ ಹತ್ತಿರ 0.001 ಜರುಗಿದರೆ ಬೆಲೆ 0.002001 ಬದಲಾಗುತ್ತೆ. 1000ದ ಹತ್ತಿರ ಅದೇ 0.001 ಜರುಗಿದರೆ 2.000001. ದೂರ ಹೋದಷ್ಟೂ ಡೆಲ್ಟಾ ಚಿಕ್ಕದು ಬೇಕು. ಬಿಂದುವಿಗೊಂದು ಸಿಗುತ್ತೆ, ಎಲ್ಲದಕ್ಕೂ ಒಂದೇ ಸಿಗಲ್ಲ. ಅದನ್ನೇ 0ಯಿಂದ 1ರ ಮುಚ್ಚಿದ ಅಂತರಕ್ಕೆ ಕಟ್ಟಿಹಾಕಿದರೆ ಒಂದೇ ಡೆಲ್ಟಾ ಸಾಕು. ನಾನು ಇದನ್ನು ಹೋದ ವರ್ಷ ಬೋರ್ಡ್ ಮೇಲೆ ಚಿಹ್ನೆಯಲ್ಲಿ ಬರೆದು, ಒಂದು ತಾಸು ಒದ್ದಾಡಿದ್ದೆ.

ಆದರೂ ತೊಂದರೆ ಇದೆ. ಸೆಮಿಸ್ಟರ್ ಪರೀಕ್ಷೆ ಇಂಗ್ಲಿಷ್‌ನಲ್ಲಿ. ಅಸೈನ್‌ಮೆಂಟ್ ಕನ್ನಡದಲ್ಲಿ ಬರೆದು ರೂಢಿಯಾದರೆ ಕೊನೆಗೆ ಅವರಿಗೇ ಕಷ್ಟ ಆಗಲ್ವಾ?

ಪಾರ್ಟ್ ಸಿ

ಅದೇ ನಾನೂ ಹೇಳುವುದು. ಸಂಶೋಧನಾ ಪತ್ರಿಕೆಗಳು ಕನ್ನಡದಲ್ಲಿ ಬರುತ್ತಾವಾ? ಮತ್ತೆ ಕಲಬುರಗಿಯಲ್ಲಿ ಎಲ್ಲರ ಮನೆಮಾತೂ ಕನ್ನಡ ಅಲ್ಲ. ಉರ್ದು, ತೆಲುಗು, ಮರಾಠಿ ಮಾತಾಡುವವರು ಪ್ರತಿ ಕ್ಲಾಸಿನಲ್ಲಿ ಇದ್ದಾರೆ. ನನ್ನ ಮನೆಯಲ್ಲೇ ದಖನಿ ಉರ್ದು. ನಮಗೆ ಯಾವ ನಿಯಮ?

ಶಹಾಬಾದಿ ಕಲ್ಲು

ಒಳ್ಳೇ ಪ್ರಶ್ನೆ. ಕೊನೆಯ ಪ್ರತಿ ಇಂಗ್ಲಿಷ್‌ನಲ್ಲೇ ಇರಲಿ, ನಾನು ಬೇಡ ಅನ್ನಲ್ಲ. ಅದಕ್ಕೆ ಮೊದಲು ಒಂದು ಕಚ್ಚಾ ಪ್ರತಿ ಬರೆಯುತ್ತೀರಲ್ಲ, ಅದು ಯಾವ ಭಾಷೆಯಲ್ಲಿ ಲೆಕ್ಕ ಹೊಳೆಯುತ್ತೋ ಆ ಭಾಷೆಯಲ್ಲಿ. ದಖನಿಯಲ್ಲೂ "ಹರ್ ಘರ್ ಕಾ ಏಕ್" ಬೇರೆ, "ಸಬ್ ಘರ್ ಕಾ ಏಕೀಚ್" ಬೇರೆ ಅಲ್ವಾ?

ಪಾರ್ಟ್ ಸಿ

ಹೌದು. "ಏಕೀಚ್" ಅಂದಾಗಲೇ ಎಲ್ಲ ಮುಗೀತು. ಒಪ್ಪಿದೆ. 😄

ಬೀದರ್ ಮೇಷ್ಟ್ರು

ನಮ್ಮ ನೆಲದಲ್ಲಿ ಗಣಿತ ಎಂದೂ ಒಂದೇ ಭಾಷೆಯಲ್ಲಿ ಇರಲಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷನನ್ನು ಹೊಗಳಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ, ಸಂಸ್ಕೃತದಲ್ಲಿ. 12ನೇ ಶತಮಾನಕ್ಕೆ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ.

ಮಹಾವೀರಾಚಾರ್ಯನ ಹೆಸರು ಬಂತಲ್ಲ, ಸಂಶೋಧಕರ ಆರನೇ ನಿಯಮಕ್ಕೂ ಒಂದು ಮಾತು ಹೇಳುತ್ತೇನೆ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲ ಇಲ್ಲ ಎಂದು ಆತ ಬರೆದ. ಅವನಿಗೆ ಗೊತ್ತಿದ್ದ ಸಂಖ್ಯೆಗಳ ಲೋಕದಲ್ಲಿ ಖರೆ ಮಾತು. ಅದೇ ಮನುಷ್ಯ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದೂ ಬರೆದ. ಇದು ತಪ್ಪು. ನಾನು ಕ್ಲಾಸಿನಲ್ಲಿ ಎರಡನ್ನೂ ಬೋರ್ಡ್ ಮೇಲೆ ಬರೆದು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ ಹುಡುಗರನ್ನೇ ಕೇಳುತ್ತೇನೆ. ಒಬ್ಬರೂ ಸೊನ್ನೆ ಕೊಡಲ್ಲ. ಎಲ್ಲಿ ಸರಿ, ಎಲ್ಲಿಂದ ಜಾರಿದ, ಅಂತ ಹುಡುಕುತ್ತಾರೆ. ನಿಮ್ಮ 11 ಹಾಳೆಗೂ ಹಾಗೇ ತಿದ್ದಬಹುದಿತ್ತು ತಮ್ಮಾ. ಎಪ್ಸಿಲಾನ್ ಮೊದಲು, ಎನ್ ಆಮೇಲೆ ಎಂದು ಬರೆದದ್ದಕ್ಕೆ ಏನಾದರೂ ಕೊಡಬೇಕಿತ್ತು. ಚಿಹ್ನೆ ತಿರುಗಿದ್ದಕ್ಕೆ ಮಾತ್ರ ಕಡಿಯಬೇಕಿತ್ತು. ನಕಲಿನ ಲೆಕ್ಕ ಬೇರೆ ಮಾಡಬೇಕಿತ್ತು.

ಅಂದಹಾಗೆ "ಕಡಿಮೆಯೂ ಆಗಬಹುದು" ಅನ್ನುವ ಬೆದರಿಕೆ ತೆಗೆಯಿರಿ. ನಿಮ್ಮ ತಪ್ಪನ್ನು ತೋರಿಸಿದವನಿಗೆ ಯಾಕೆ ಹೆದರಿಕೆ?

ಬಿಸಿಲೂರ ಸಂಶೋಧಕ

ಎರಡು ದಿನ ಯೋಚನೆ ಮಾಡಿದೆ. ಮೇಡಂ ಜೊತೆಗೂ ಮಾತಾಡಿದೆ. ಹಾಳೆ ತಿದ್ದಿದ್ದೇನೆ.

ಹೊತ್ತು ಮಂಗಳವಾರ ಬೆಳಿಗ್ಗೆ 8, ಫೋಟೋ ಸಾಕು. ಒಂದು ದಿನ ತಡವಾದರೆ ಅರ್ಧ ಅಂಕ, ಅದನ್ನು ಬಿಡಲ್ಲ. 38 ಹಾಳೆ ತಿದ್ದಿ ಮುಂದಿನ ಮಂಗಳವಾರ ವಾಪಸ್ ಕೊಡಬೇಕಾದವನು ನಾನು. ಐದನೇದು ಮೇಷ್ಟ್ರು ಹೇಳಿದ ಹಾಗೆ: ವ್ಯಾಖ್ಯೆಗಳು ಮತ್ತು ಒಂದು ಉದಾಹರಣೆ ತಂದರೆ ಬಾಗಿಲು ತೆರೆದಿದೆ. ಬೋರ್ಡಿನ ಫೋಟೋ ಇಲ್ಲ. ಆರನೇದರಲ್ಲಿ ಬೆದರಿಕೆ ತೆಗೆದೆ. ಪ್ರತಿ ಲೆಕ್ಕಕ್ಕೆ 10 ಅಂಕ: ವ್ಯಾಖ್ಯೆ ಸರಿಯಾಗಿ ಬರೆದು ಏನು ತೋರಿಸಬೇಕು ಅಂತ ಹೇಳಿದರೆ 3, ದಾರಿ ಸರಿ ಇದ್ದರೆ 4, ಕೊನೆ ಮುಟ್ಟಿದರೆ 3. ನಕಲು ಮಾಡಿದ್ದು ಗೊತ್ತಾದರೆ ಮೊದಲು ಕರೆದು ಮಾತಾಡುತ್ತೇನೆ, ಆಮೇಲೆ ಅಂಕ.

ಮೂರನೇದಕ್ಕೆ ಮೇಡಂ ಮೊದಲು ಒಪ್ಪಲಿಲ್ಲ. "ಊರಿಗೊಬ್ಬ ಗೌಡ" ಹೇಳಿದೆ. ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಮೊದಲ ಆರು ವಾರ ಯಾವ ಭಾಷೆಯಾದರೂ ಸರಿ, ನಂತರ ಇಂಗ್ಲಿಷ್" ಅಂದರು. ತೆಲುಗಿನ ಹಾಳೆ ನನಗೆ ಓದಲು ಬರಲ್ಲ. ಅವರು ಬಂದು ಬಾಯಲ್ಲಿ ಹೇಳಬೇಕು. ಇದು ಸರಿಯಾದ ವ್ಯವಸ್ಥೆ ಅಲ್ಲ, ಗೊತ್ತು. ಬೇರೆ ದಾರಿ ಹೊಳೆದಿಲ್ಲ.

ಹೋದ ವರ್ಷದ ಆ ಹುಡುಗಿ ಈಗ ಮೂರನೇ ಸೆಮ್. ನಿನ್ನೆ ಕಾರಿಡಾರ್‌ನಲ್ಲಿ ಸಿಕ್ಕಳು. ನಾನೇ ನಿಲ್ಲಿಸಿ ತಪ್ಪಾಯ್ತು ಅಂದೆ. "ಇರಲಿ ಬಿಡಿ ಸರ್" ಅಂದು ಹೋದಳು. ಇನ್ನೇನು ಹೇಳಬೇಕಿತ್ತೋ ಗೊತ್ತಾಗಲಿಲ್ಲ.

ಶಹಾಬಾದಿ ಕಲ್ಲು

ಕ್ಷಮೆ ಕೇಳಿದಿರಲ್ಲ. ನನ್ನನ್ನು ಯಾರೂ ಕೇಳಲಿಲ್ಲ.

ಯಾದಗಿರಿ ಪ್ಯಾಸೆಂಜರ್

ಸರ್, ಒಂದು ಡೌಟ್. ರಾತ್ರಿ 9 ಇನ್ನೂ ಆಗಿಲ್ಲ.

ಎಕ್ಸ್‌ನ ವರ್ಗಮೂಲ, 0ಯಿಂದ 1ರವರೆಗೆ. ಸೊನ್ನೆಯ ಹತ್ತಿರ ಗೆರೆ ಬಹಳ ಕಡಿದಾಗಿದೆ. ಅದಕ್ಕೆ ಬಿಂದುವಿಗೊಂದು ಡೆಲ್ಟಾನೇ ಬೇಕು, ಒಂದೇ ಡೆಲ್ಟಾ ನಡೆಯಲ್ಲ ಅನ್ನಿಸಿತು. ವಾಡಿಯಲ್ಲಿ ಗಾಡಿ ನಿಂತಾಗ ಮಾಡಿ ನೋಡಿದೆ. ಎರಡು ಸಂಖ್ಯೆಗಳ ವರ್ಗಮೂಲಗಳ ಅಂತರವನ್ನು ವರ್ಗ ಮಾಡಿದರೆ ಅದು ಆ ಸಂಖ್ಯೆಗಳ ಅಂತರಕ್ಕಿಂತ ಜಾಸ್ತಿ ಆಗುವುದೇ ಇಲ್ಲ. ಹಾಗಾದರೆ ಡೆಲ್ಟಾ ಅಂದರೆ ಎಪ್ಸಿಲಾನ್ ವರ್ಗ ಇಟ್ಟರೆ ಎಲ್ಲ ಬಿಂದುವಿಗೂ ಅದೊಂದೇ ಸಾಕಾಗುತ್ತೆ. ಕಡಿದಾಗಿದ್ದರೂ ಯೂನಿಫಾರ್ಮ್. ಇದು ಸರೀನಾ, ಎಲ್ಲೋ ತಪ್ಪಿದ್ದೀನಾ?

ಬಿಸಿಲೂರ ಸಂಶೋಧಕ

ಅಂತರದ ವರ್ಗ ಯಾಕೆ ಜಾಸ್ತಿ ಆಗಲ್ಲ ಅನ್ನುವುದಕ್ಕೆ ಇನ್ನೊಂದು ಸಾಲು ಬೇಕು. ವರ್ಗಮೂಲಗಳ ಅಂತರವನ್ನು ಅವುಗಳ ಮೊತ್ತದಿಂದ ಗುಣಿಸಿ ನೋಡು. ಮಂಗಳವಾರ ಬೋರ್ಡ್ ಮೇಲೆ ನೀನೇ ಬರೆಯಬೇಕು. ಯಾವ ಭಾಷೆಯಲ್ಲಾದರೂ.

ಯಾದಗಿರಿ ಪ್ಯಾಸೆಂಜರ್

ನಾನು ಯಾರಂತ ಗೊತ್ತಾಗುತ್ತಲ್ಲ ಸರ್ ಆಗ.

ತೊಗರಿ ಕಣಜ

ಯಾದಗಿರಿ ಗಾಡಿಗೆ ಬರುವವರು ಎಷ್ಟು ಜನ ಇದ್ದೀರಿ? ಆಗಲೇ ಗೊತ್ತಾಗಿರುತ್ತೆ ಬಿಡಿ. 🙂